ಲಂಡನ್ನಿನ ಮರೆತುಹೋದ ಸಂಗೀತಗಾರನಿಗೆ ಮೈಸೂರಿನ ಆಸರೆ: ನಿಕೊಲಾಯ್ ಮೆಟ್ನರ್ ಬದುಕಿನ ಕಥೆ

ಮೈಸೂರು: ಹಾರ್ಡಿಂಜ್ ಸರ್ಕಲ್ ದಾಟುವಾಗ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರತಿಮೆಯನ್ನು ನಾವೆಲ್ಲ ನೋಡಿಯೇ ಇರ್ತೇವೆ. ಮೈಸೂರಿನ ಕೊನೆಯ ಮಹಾರಾಜರು, ಆಮೇಲೆ ರಾಜ್ಯಪಾಲರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು ಅನ್ನೋದು ಊರಿನ ಹಿರಿಯರಿಗೆಲ್ಲ ಗೊತ್ತು. ಆದರೆ ದೂರದ ಯುರೋಪಿನಲ್ಲಿ ಪಿಯಾನೋ ಸಂಗೀತವನ್ನು ಆಳವಾಗಿ ಬಲ್ಲವರ ಮುಂದೆ ಮೈಸೂರಿನ ಮಹಾರಾಜರು ಅಂದರೆ ಅವರಿಗೆ ಬೇರೆಯೇ ಒಂದು ಹೆಸರು ನೆನಪಾಗುತ್ತದೆ. ಅದು ನಿಕೊಲಾಯ್ ಮೆಟ್ನರ್.

ಯಾರು ಈ ಮೆಟ್ನರ್? ಮಾಸ್ಕೋದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ತೀರಿಕೊಂಡ ಸಂಗೀತ ರಚನಕಾರರು. ಇಪ್ಪತ್ತನೇ ಶತಮಾನದ ಪಿಯಾನೋ ಸಂಗೀತದಲ್ಲಿ ದೊಡ್ಡ ಹೆಸರು. ಆದರೆ ಬದುಕಿದ್ದಾಗ ಬಹುಪಾಲು ಜನ ಅವರನ್ನು ಮರೆತೇಬಿಟ್ಟಿದ್ದರು. ಇವತ್ತು ಅವರ ಕೈಯಿಂದಲೇ ನುಡಿದ ಅವರ ಸಂಗೀತ ನಮಗೆ ಇಷ್ಟೊಂದು ಕೇಳಲು ಸಿಗುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ನಮ್ಮ ಮೈಸೂರು. ಆ ಕಥೆಯನ್ನು ಮೊದಲಿಂದ ನೋಡೋಣ.

ಮಾಸ್ಕೋದ ಹುಡುಗ

ಮೆಟ್ನರ್ ಹುಟ್ಟಿದ್ದು 1880ರ ಜನವರಿ 5ರಂದು. ಆಗಿನ ರಷ್ಯಾದಲ್ಲಿ ಹಳೇ ಪಂಚಾಂಗ ಬಳಕೆಯಲ್ಲಿದ್ದದ್ದರಿಂದ ಅಲ್ಲಿನ ಲೆಕ್ಕದಲ್ಲಿ ಅದು 1879ರ ಡಿಸೆಂಬರ್ 24. ಮನೆತನದ ಮೂಲ ಜರ್ಮನ್. ತಲೆಮಾರುಗಳ ಹಿಂದೆಯೇ ರಷ್ಯಾಕ್ಕೆ ಬಂದು ನೆಲೆಸಿದ ಕುಟುಂಬ. ತಂದೆ ಕಸೂತಿ ಲೇಸ್ ತಯಾರಿಸುವ ಕಾರ್ಖಾನೆಯೊಂದನ್ನು ನೋಡಿಕೊಳ್ಳುತ್ತಿದ್ದರು. ತಾಯಿಯ ಕಡೆಯವರು ಸಂಗೀತಗಾರರು. ಮಗನಿಗೆ ಪಿಯಾನೋದ ಮೊದಲ ಪಾಠ ಹೇಳಿಕೊಟ್ಟದ್ದು ತಾಯಿಯೇ. ಆಮೇಲೆ ಸೋದರಮಾವ ಕಲಿಸಿದರು. ಚಿಕ್ಕ ವಯಸ್ಸಿಗೇ ಹುಡುಗ ಮಾಸ್ಕೋ ಕನ್ಸರ್ವೇಟರಿ ಸೇರಿದ. ಕನ್ಸರ್ವೇಟರಿ ಅಂದ್ರೆ ಸಂಗೀತ ಕಾಲೇಜು ಅಂದುಕೊಳ್ಳಿ. ರಷ್ಯಾದಲ್ಲಿ ಅದಕ್ಕಿಂತ ದೊಡ್ಡ ವಿದ್ಯಾಲಯಗಳು ಒಂದೆರಡು ಇದ್ದರೆ ಹೆಚ್ಚು.

1900ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಮೆಟ್ನರ್ ಅಲ್ಲಿಂದ ಬಹುಮಾನ ಸಮೇತ ಹೊರಬಂದರು. ಪಿಯಾನೋ ನುಡಿಸುವುದರಲ್ಲಿ ಅವರಿಗಿದ್ದ ಕೈ ನೋಡಿ, ಈ ಹುಡುಗ ಯುರೋಪನ್ನೇ ಗೆಲ್ಲುತ್ತಾನೆ ಅಂತ ಗುರುಗಳು ನಂಬಿದ್ದರು. ಅವರ ಗುರು ಸಫೋನೊವ್ ಆಗಿನ ಕಾಲದ ಪ್ರಭಾವಿ ವ್ಯಕ್ತಿ. ದೊಡ್ಡ ದೊಡ್ಡ ಊರುಗಳಲ್ಲಿ ಕಛೇರಿ, ಒಳ್ಳೇ ಸಂಭಾವನೆ, ಹೆಸರು, ಎಲ್ಲವೂ ಕಣ್ಣೆದುರೇ ಇತ್ತು.

ಮೆಟ್ನರ್ ಬೇಡ ಅಂದುಬಿಟ್ಟರು.

ಇನ್ನೊಬ್ಬರು ಬರೆದದ್ದನ್ನು ಊರೂರು ಸುತ್ತಿ ನುಡಿಸುವುದಕ್ಕಿಂತ ತಾನು ಕೂತು ಬರೆಯಬೇಕು ಅನ್ನೋದು ಅವರ ಹಠ. ಮನೆಯವರಿಗೆ ಬೇಸರವಾಯಿತು. ಬೆನ್ನಿಗೆ ನಿಂತವರು ಇಬ್ಬರೇ: ಒಬ್ಬರು ಹಿರಿಯ ಸಂಗೀತ ರಚನಕಾರ ತನೇಯೆವ್, ಇನ್ನೊಬ್ಬರು ಸ್ವಂತ ಅಣ್ಣ ಎಮಿಲ್. ಮೆಟ್ನರ್ ಬದುಕಿನಲ್ಲಿ ಇಂಥ ‘ಬೇಡ’ಗಳು ಮುಂದೆ ಇನ್ನೂ ಹಲವು ಬರುತ್ತವೆ. ಪ್ರತಿ ಸಲವೂ ಅದಕ್ಕೆ ಅವರು ಬೆಲೆ ತೆತ್ತಿದ್ದಾರೆ.

ಬರೆದದ್ದೇನು?

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರು ಕೃತಿಯ ಸಾಹಿತ್ಯ, ಧಾತು ಕೊಡುತ್ತಾರೆ. ಅದು ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಹೋಗುತ್ತದೆ. ಹಾಡುವವರು ಅದಕ್ಕೆ ಆಲಾಪನೆ, ನೆರವಲ್, ಕಲ್ಪನಾಸ್ವರ ಸೇರಿಸಿ ಬೆಳೆಸುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಹಾಗಲ್ಲ. ಪಿಯಾನೋದ ಒಂದೊಂದು ಸ್ವರ, ಎಡಗೈಗೆ ಯಾವುದು, ಬಲಗೈಗೆ ಯಾವುದು, ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಅನ್ನೋದನ್ನೆಲ್ಲ ರಚನಕಾರರೇ ಬರೆದಿಡುತ್ತಾರೆ. ಹಾಗಾಗಿ ಒಂದು ದೊಡ್ಡ ರಚನೆ ಮುಗಿಸಲು ವರ್ಷಗಟ್ಟಲೆ ಹಿಡಿಯೋದುಂಟು.

ಮೆಟ್ನರ್ ಇಡೀ ಬದುಕಿನಲ್ಲಿ ಬರೆದದ್ದೆಲ್ಲ ಒಂದಲ್ಲ ಒಂದು ರೀತಿ ಪಿಯಾನೋ ಸುತ್ತಲೇ ಇದೆ. ಪಿಯಾನೋ ಒಂದಕ್ಕೇ 14 ಸೊನಾಟಾಗಳು. ಪಿಯಾನೋ ಮತ್ತು ಆರ್ಕೆಸ್ಟ್ರಾ ಜೊತೆಗೂಡುವ ಕಾನ್ಸರ್ಟೋಗಳು ಮೂರು. ನೂರಕ್ಕೂ ಹೆಚ್ಚು ಹಾಡುಗಳು. ಅವುಗಳಲ್ಲಿ ರಷ್ಯಾದ ಪುಷ್ಕಿನ್, ತ್ಯೂಚೆವ್, ಜರ್ಮನಿಯ ಗಯಟೆ ಕವಿತೆಗಳಿಗೆ ಕೂಡಿಸಿದ ಸಂಗೀತವೇ ಜಾಸ್ತಿ. ಜೊತೆಗೆ ‘ಸ್ಕಾಜ್ಕಿ’ ಅಂತ ಅವರೇ ಕರೆದ ಪುಟ್ಟ ಪಿಯಾನೋ ರಚನೆಗಳು. ಸ್ಕಾಜ್ಕಿ ಅಂದರೆ ರಷ್ಯನ್ ಭಾಷೆಯಲ್ಲಿ ಕಥೆಗಳು, ಅಜ್ಜಿ ಹೇಳ್ತಾಳಲ್ಲ ಅಂಥವು. ಮಾತಿಲ್ಲದ, ಬರೀ ಸ್ವರದಲ್ಲಿ ಹೇಳಿದ ಕಥೆಗಳವು. ಮೆಟ್ನರ್ ಹೆಸರು ಕೇಳಿದ ಕೂಡಲೇ ಪಿಯಾನೋ ಕಲಿಯುವವರಿಗೆ ಮೊದಲು ನೆನಪಾಗೋದು ಇವೇ.

ಮೊದಲ ಸಲ ಕೇಳಿದರೆ ಅವರ ಸಂಗೀತ ಥಟ್ಟನೆ ಕೈಗೆ ಸಿಗೋದಿಲ್ಲ. ಕಿವಿಗೆ ಅಂಟಿಕೊಳ್ಳುವ ಒಂದು ರಾಗಕ್ಕಾಗಿ ಕಾದು ಕೂತರೆ ನಿರಾಸೆ. ಒಂದು ಎಳೆ ಹಿಡಿದು ಅದನ್ನು ತಿರುವಿ, ಇನ್ನೊಂದಕ್ಕೆ ಗಂಟುಹಾಕಿ, ಮತ್ತೆ ಬಿಡಿಸಿ ಕೊನೆಗೆ ಎಲ್ಲವೂ ಒಂದೇ ಬೇರಿನಿಂದ ಬಂದದ್ದು ಅಂತ ತೋರಿಸುವ ಜಾಣ್ಮೆ ಅದರಲ್ಲಿದೆ. ಎರಡನೇ ಸಲ, ಮೂರನೇ ಸಲ ಕೇಳಿದಾಗ ಹಿಡಿಸುತ್ತದೆ. ತಾಳ್ಮೆ ಬೇಡುವ ಸಂಗೀತ.

ಮನೆಯೊಳಗಿನ ಕಷ್ಟ

ಮೆಟ್ನರ್ ಅವರ ಸ್ವಂತ ಬದುಕು ಸರಳವಾಗಿರಲಿಲ್ಲ. ಆನ್ನಾ ಅನ್ನೋ ಪಿಟೀಲು ವಾದಕಿಯನ್ನು ಅವರು ಪ್ರೀತಿಸುತ್ತಿದ್ದರು. ಆದರೆ ಆಕೆ 1902ರಲ್ಲಿ ಮದುವೆಯಾದದ್ದು ಅಣ್ಣ ಎಮಿಲ್‌ನನ್ನು. ಅದೇ ಎಮಿಲ್, ಎಲ್ಲರೂ ವಿರೋಧಿಸಿದಾಗ ತಮ್ಮನ ಪರ ನಿಂತವನು. ವರ್ಷಗಳು ಕಳೆದಂತೆ ನಿಕೊಲಾಯ್ ಮತ್ತು ಆನ್ನಾ ಒಬ್ಬರನ್ನೊಬ್ಬರು ಬಿಟ್ಟಿರಲಾರರು ಅನ್ನೋದು ಎಮಿಲ್‌ಗೂ ತಿಳಿಯಿತು. ಆತ ಜಗಳ ತೆಗೆಯಲಿಲ್ಲ. ಹೆತ್ತವರಿಗೆ ಆಘಾತವಾಗುತ್ತದೆ ಅಂತ ಮೂವರೂ ವಿಷಯವನ್ನು ಒಳಗೇ ಇಟ್ಟುಕೊಂಡು ವರ್ಷಗಟ್ಟಲೆ ಬಾಳಿದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಎಮಿಲ್ ಜರ್ಮನಿಯಲ್ಲಿ ಸಿಕ್ಕಿಬಿದ್ದ. ಮತ್ತೆ ರಷ್ಯಾದಲ್ಲಿ ಬಾಳುವ ಯೋಗ ಅವನಿಗೆ ಬರಲಿಲ್ಲ. ಆನ್ನಾಳಿಗೆ ವಿಚ್ಛೇದನ ಕೊಡಲು ಆತ ಒಪ್ಪಿದ. 1918ರಲ್ಲಿ ತಾಯಿ ತೀರಿಕೊಂಡರು. 1919ರ ಜೂನ್‌ನಲ್ಲಿ ನಿಕೊಲಾಯ್ ಮತ್ತು ಆನ್ನಾ ಮದುವೆಯಾದರು. ಆಗ ಅವರಿಗೆ 39 ವರ್ಷ. ಅಣ್ಣ ತಮ್ಮಂದಿರ ನಡುವಿನ ಪ್ರೀತಿ ಆಮೇಲೂ ಉಳಿಯಿತು. ಎಮಿಲ್ 1936ರಲ್ಲಿ ತೀರಿಕೊಂಡ.

ಊರು ಬಿಟ್ಟ ಮೇಲೆ

ಮದುವೆಯಾದಾಗ ರಷ್ಯಾ ಹೇಗಿತ್ತು ಅಂತ ನೆನಪಿಸಿಕೊಳ್ಳಿ. 1917ರ ಕ್ರಾಂತಿ ಆಗಿತ್ತು, ಅಂತರ್ಯುದ್ಧ ನಡೀತಿತ್ತು. ಊಟಕ್ಕೆ, ಸೌದೆಗೆ ತತ್ವಾರ. ಮೆಟ್ನರ್ ಅವರ ಆಪ್ತ ಗೆಳೆಯ ಸೆರ್ಗೆಯ್ ರಾಖ್ಮನಿನೋವ್ ಕ್ರಾಂತಿಯಾದ ಕೆಲವೇ ವಾರಗಳಲ್ಲಿ ಕುಟುಂಬದ ಜೊತೆ ದೇಶ ಬಿಟ್ಟಿದ್ದರು. ಮೆಟ್ನರ್ ಇನ್ನೂ ಕೆಲವು ವರ್ಷ ಕಾದರು. ಮಾಸ್ಕೋ ಕನ್ಸರ್ವೇಟರಿಯಲ್ಲಿ ಪಾಠ ಹೇಳಿದರು, ಬರೆದರು. ಮೊದಲ ಕಾನ್ಸರ್ಟೋ ಮುಗಿಸಿದ್ದು ಈ ಗಲಾಟೆಯ ನಡುವೆಯೇ, 1918ರಲ್ಲಿ. ಕೊನೆಗೆ 1921ರಲ್ಲಿ ಗಂಡ ಹೆಂಡತಿ ಇಬ್ಬರೂ ರಷ್ಯಾ ಬಿಟ್ಟರು.

ಬರ್ಲಿನ್‌ಗೆ ಹೋದರು. ಅಲ್ಲಿ ಯಾರಿಗೂ ಮೆಟ್ನರ್ ಬೇಕಿರಲಿಲ್ಲ. ಯಾಕಂದ್ರೆ ಆ ಹೊತ್ತಿಗೆ ಯುರೋಪಿನ ಸಂಗೀತ ಬೇರೆ ದಾರಿ ಹಿಡಿದಿತ್ತು. ಸ್ಟ್ರವಿನ್ಸ್ಕಿ, ಶೋನ್‌ಬರ್ಗ್ ಮುಂತಾದವರು ಹಳೇ ಕಟ್ಟುಪಾಡುಗಳನ್ನೆಲ್ಲ ಮುರಿದು ಹೊಸತನ್ನು ಕಟ್ಟುತ್ತಿದ್ದ ಕಾಲ. ಬೀಥೋವನ್‌ನನ್ನು ಆರಾಧಿಸುತ್ತಾ ಸೊನಾಟಾ ಬರೆಯುತ್ತಿದ್ದ ಮೆಟ್ನರ್ ಅವರಿಗೆಲ್ಲ ಹಳೇ ಕಾಲದ ಮನುಷ್ಯನಂತೆ ಕಂಡರು. ಬದಲಾಗಬಹುದಿತ್ತು. ಅವರು ಬದಲಾಗಲಿಲ್ಲ. ಇದು ಇನ್ನೊಂದು ‘ಬೇಡ’.

ಕೈಹಿಡಿದವರು ರಾಖ್ಮನಿನೋವ್. ಅವರು ಅಮೆರಿಕದಲ್ಲಿ ಆಗಲೇ ದೊಡ್ಡ ಹೆಸರು ಮಾಡಿದ್ದರು. 1924-25ರಲ್ಲಿ ಗೆಳೆಯನಿಗೆ ಅಮೆರಿಕ, ಕೆನಡಾ ಪ್ರವಾಸ ಏರ್ಪಡಿಸಿದರು. ಫಿಲಡೆಲ್ಫಿಯಾ ಆರ್ಕೆಸ್ಟ್ರಾದಂಥ ಹೆಸರಾಂತ ತಂಡದ ಜೊತೆ ಮೆಟ್ನರ್ ನುಡಿಸಿದರು. ಆದರೆ ಪ್ರೇಕ್ಷಕರ ಮನಸ್ಸಿಗೆ ತಕ್ಕಂತೆ ಕಾರ್ಯಕ್ರಮ ಹೆಣೆಯೋದು ಅವರಿಗೆ ಒಗ್ಗಲಿಲ್ಲ. ತನ್ನ ರಚನೆಗಳನ್ನೇ ಹೆಚ್ಚಾಗಿ ನುಡಿಸಬೇಕು ಅನ್ನೋ ಹಟ ಬೇರೆ. ಹಾಗೆ ನುಡಿಸಿದರೆ ಟಿಕೆಟ್ ಮಾರಾಟವಾಗೋದು ಕಷ್ಟ ಅಂತ ಕಛೇರಿ ಏರ್ಪಡಿಸುವವರ ಲೆಕ್ಕ.

ಈ ಇಬ್ಬರು ಗೆಳೆಯರ ನಂಟು ಎಷ್ಟು ಗಟ್ಟಿ ಅಂದ್ರೆ, ರಾಖ್ಮನಿನೋವ್ ತಮ್ಮ ನಾಲ್ಕನೇ ಪಿಯಾನೋ ಕಾನ್ಸರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೇ ಕಾನ್ಸರ್ಟೋವನ್ನು ರಾಖ್ಮನಿನೋವ್‌ಗೆ ಅರ್ಪಿಸಿದರು. ಒಬ್ಬರು ಜಗತ್ತಿಗೇ ಪರಿಚಿತರು, ಶ್ರೀಮಂತರು. ಇನ್ನೊಬ್ಬರಿಗೆ ತಿಂಗಳ ಬಾಡಿಗೆಯ ಚಿಂತೆ. ಆದರೂ ಆ ಸ್ನೇಹದಲ್ಲಿ ಮೇಲು ಕೀಳು ಅನ್ನೋದು ಇರಲಿಲ್ಲ.

ಪ್ಯಾರಿಸ್ ಸುತ್ತಮುತ್ತ ಕೆಲವು ವರ್ಷ ಇದ್ದರು. 1927ರಲ್ಲಿ ಒಮ್ಮೆ ರಷ್ಯಾಕ್ಕೆ ಹೋಗಿ ಕಛೇರಿ ಕೊಟ್ಟರು. ಸ್ವಂತ ಊರಿನ ಜನ ಪ್ರೀತಿಯಿಂದಲೇ ಕೇಳಿದರು. ಮತ್ತೆ ಆ ನೆಲ ತುಳಿಯಲು ಅವರಿಗೆ ಆಗಲೇ ಇಲ್ಲ.

1935ರಲ್ಲಿ ಅವರದೊಂದು ಪುಸ್ತಕ ಬಂತು. ಹೆಸರು ‘ಕಲಾದೇವಿ ಮತ್ತು ಫ್ಯಾಷನ್’ ಅನ್ನೋ ಅರ್ಥದ್ದು. ಪ್ರಕಟಿಸಲು ನೆರವಾದದ್ದು ಮತ್ತೆ ರಾಖ್ಮನಿನೋವ್. ಸಂಗೀತಕ್ಕೆ ಅದರದೇ ಆದ, ಕಾಲಕ್ಕೆ ಬದಲಾಗದ ನಿಯಮಗಳಿವೆ, ಅವನ್ನು ಬರೀ ಹೊಸತನದ ಆಸೆಗೆ ಬಿಟ್ಟುಕೊಡಬಾರದು ಅನ್ನೋದು ಅದರ ತಿರುಳು. ಅವರ ಮಾತನ್ನು ಎಲ್ಲರೂ ಒಪ್ಪಬೇಕಿಲ್ಲ. ಅವರು ಕಡೆಗಣಿಸಿದ ಹೊಸ ಸಂಗೀತದಲ್ಲೂ ಅದ್ಭುತವಾದದ್ದು ಬೇಕಾದಷ್ಟಿದೆ ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಹೊಟ್ಟೆಪಾಡಿಗೇ ಕಷ್ಟ ಇದ್ದಾಗ, ತನ್ನನ್ನು ಬದಿಗೆ ಸರಿಸಿದ ಕಾಲದ ಎದುರು ನಿಂತು ಮಾತಾಡಿದ್ದಾರೆ ಅನ್ನೋದನ್ನು ಮಾತ್ರ ಮೆಚ್ಚಲೇಬೇಕು.

ಲಂಡನ್ನಿನ ದಿನಗಳು

ಅದೇ ಹೊತ್ತಿಗೆ ಮೆಟ್ನರ್ ದಂಪತಿ ಲಂಡನ್ನಿಗೆ ಬಂದು ನೆಲೆಸಿದರು. ಗೋಲ್ಡರ್ಸ್ ಗ್ರೀನ್ ಅನ್ನೋ ಬಡಾವಣೆಯಲ್ಲಿ ಮನೆ. 1928ರಲ್ಲಿ ಮೊದಲ ಸಲ ಬಂದು ನುಡಿಸಿದಾಗಿನಿಂದಲೇ ಅಲ್ಲಿನ ಕೆಲವರು ಅವರನ್ನು ಮೆಚ್ಚಿಕೊಂಡಿದ್ದರು. ಜನ ಕಡಿಮೆ, ಆದರೆ ಗಟ್ಟಿ ಅಭಿಮಾನಿಗಳು. ಪಿಯಾನೋ ಪಾಠ, ಅಪರೂಪಕ್ಕೊಂದು ಕಛೇರಿ, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಸ್ವಲ್ಪ ಹಣ, ಇದರಲ್ಲೇ ಸಂಸಾರ ಸಾಗಬೇಕು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡ್ ಮತ್ತು ಜರ್ಮನಿ ಶತ್ರುಗಳು. ಜರ್ಮನಿಯಿಂದ ಬರಬೇಕಾದ ಹಣ ನಿಂತೇಹೋಯಿತು. ಲಂಡನ್ನಿನ ಮೇಲೆ ಬಾಂಬು ಬೀಳತೊಡಗಿತು. ಪಾಠಕ್ಕೆ ಬರುವವರೂ ಕಡಿಮೆಯಾದರು. ಆಗ ಅವರ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ಮತ್ತು ಅವರ ಮನೆಯವರು ದಂಪತಿಯನ್ನು ವಾರಿಕ್‌ಶೈರ್‌ನ ಹಳ್ಳಿಗೆ ಕರೆಸಿಕೊಂಡು ಇಟ್ಟುಕೊಂಡರು. ಮೂರನೇ ಕಾನ್ಸರ್ಟೋ ಬರೆದದ್ದು ಈ ಯುದ್ಧದ ವರ್ಷಗಳಲ್ಲೇ. ನಡುವೆ 1942ರಲ್ಲಿ ಹೃದಯಾಘಾತವಾಯಿತು. 1943ರಲ್ಲಿ ದೂರದ ಅಮೆರಿಕದಲ್ಲಿ ರಾಖ್ಮನಿನೋವ್ ತೀರಿಕೊಂಡರು.

ಹೃದಯ ಸರಿಯಿಲ್ಲ, ಗೆಳೆಯ ಇಲ್ಲ. ಆದರೂ 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಮೂರನೇ ಕಾನ್ಸರ್ಟೋವನ್ನು ಮೆಟ್ನರ್ ತಾವೇ ನುಡಿಸಿದರು. ಆಗ ವಯಸ್ಸು 64. ಯುದ್ಧ ಮುಗಿಯುವ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು: ಪೆಟ್ಟಿಗೆ ತುಂಬ ಬರೆದಿಟ್ಟ ಸಂಗೀತ, ಅದನ್ನು ಹೇಗೆ ನುಡಿಸಬೇಕು ಅಂತ ಪೂರ್ತಿ ಗೊತ್ತಿರುವ ಒಂದು ಜೊತೆ ಕೈ, ಆ ಕೈಗಳಿಗೆ ಉಳಿದಿರುವ ಕೆಲವೇ ವರ್ಷ. ರೆಕಾರ್ಡ್ ಮಾಡಿ ಇಡೋಣ ಅಂದರೆ ಹಣ ಹಾಕಲು ಯಾವ ಕಂಪನಿ ಮುಂದೆ ಬಂದೀತು?

ಮೈಸೂರಿನಿಂದ ಬಂದ ನೆರವು

ಈಗ ಲಂಡನ್ ಬಿಟ್ಟು ನಮ್ಮ ಅರಮನೆಗೆ ಬರೋಣ. ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1919ರಲ್ಲಿ, ಅಂದ್ರೆ ಮೆಟ್ನರ್ ಮದುವೆಯಾದ ವರ್ಷ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಚಿಕ್ಕಂದಿನಿಂದ ಪಾಶ್ಚಾತ್ಯ ಸಂಗೀತ ಅಂದರೆ ಪ್ರಾಣ. ಪಿಯಾನೋವನ್ನು ಶ್ರದ್ಧೆಯಿಂದ ಕಲಿತರು, ಕಛೇರಿ ಕೊಡುವ ಪಿಯಾನೋ ವಾದಕನಾಗಬೇಕು ಅನ್ನೋ ಆಸೆಯೂ ಇತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಹೋದರು. ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನ ಏರಬೇಕಾಯಿತು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ಕನಸು ಮುಗಿದರೂ ಕಿವಿ ಮುಚ್ಚಲಿಲ್ಲ. ಒಂದು ಕಡೆ ಆಸ್ಥಾನದ ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಸಂಗದಲ್ಲಿ ಕರ್ನಾಟಕ ಸಂಗೀತ, ಕೃತಿ ರಚನೆ. ಇನ್ನೊಂದು ಕಡೆ ಯುರೋಪಿನಿಂದ ತರಿಸಿಕೊಂಡ ರೆಕಾರ್ಡುಗಳ ರಾಶಿ. 1950ರ ಹೊತ್ತಿಗೆ ಅವರ ಸಂಗ್ರಹದಲ್ಲಿ ಅಂದಾಜು 20,000 ರೆಕಾರ್ಡುಗಳಿದ್ದವು ಅಂತ ಲೆಕ್ಕ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಷಿಪ್ ಕೊಟ್ಟಿತು.

ಇಂಥ ಕಿವಿಗೆ ಮೆಟ್ನರ್ ಸಂಗೀತ ಹಿಡಿಸಿತು. ಲಂಡನ್ನಿನ ಬಹುಪಾಲು ಜನ ಗಮನಿಸದ ಸಂಗೀತಗಾರರಿಗೆ ಮೈಸೂರಿನಲ್ಲಿ ಒಬ್ಬ ಅಭಿಮಾನಿ ಸಿಕ್ಕರು. ಮಹಾರಾಜರ ಹಣದಿಂದ ‘ಮೆಟ್ನರ್ ಸೊಸೈಟಿ’ ಶುರುವಾಯಿತು. ಅದರ ಕೆಲಸ ಒಂದೇ: ಮೆಟ್ನರ್ ಬದುಕಿರುವಾಗಲೇ ಅವರ ಸಂಗೀತವನ್ನು ಸಾಧ್ಯವಾದಷ್ಟೂ ರೆಕಾರ್ಡ್ ಮಾಡಿಸೋದು. ನಾಯಿ ಮತ್ತು ಗ್ರಾಮಫೋನ್ ಚಿತ್ರದ ಎಚ್‌ಎಂವಿ ಕಂಪನಿಯಲ್ಲಿ ಕೆಲಸ ಆರಂಭವಾಯಿತು. 1946ರಿಂದ 1950ರವರೆಗೆ, ಆರೋಗ್ಯ ಬಿಟ್ಟುಕೊಟ್ಟಾಗೆಲ್ಲ ಮೆಟ್ನರ್ ಸ್ಟುಡಿಯೋಗೆ ಹೋಗಿ ನುಡಿಸಿದರು.

ಆಗಿನ ರೆಕಾರ್ಡಿಂಗ್ ಅಂದ್ರೆ ಈಗಿನ ಹಾಗಲ್ಲ ನೋಡಿ. 78 ಸುತ್ತಿನ ರೆಕಾರ್ಡಿನ ಒಂದು ಮುಖದಲ್ಲಿ ಹಿಡಿಸೋದು ನಾಲ್ಕು, ನಾಲ್ಕೂವರೆ ನಿಮಿಷ. ಅರ್ಧ ಗಂಟೆ ಮೀರುವ ಒಂದು ಕಾನ್ಸರ್ಟೋ ಹಿಡಿಸಬೇಕಾದರೆ ಏಳೆಂಟು ಮುಖವಾದರೂ ಬೇಕು. ಮಧ್ಯೆ ಎಲ್ಲೋ ಒಂದು ಸ್ವರ ತಪ್ಪಿದರೆ ಕತ್ತರಿಸಿ ಅಂಟಿಸುವ ಸೌಲಭ್ಯ ಇಲ್ಲ. ಆ ಮುಖವನ್ನು ಮೊದಲಿಂದ ನುಡಿಸಬೇಕು. ಇಡೀ ಆರ್ಕೆಸ್ಟ್ರಾ ಮತ್ತೆ ಶುರು ಮಾಡಬೇಕು. ಒಮ್ಮೆ ಹೃದಯಾಘಾತವಾದ, ಅರವತ್ತೇಳರ ಆಸುಪಾಸಿನ ಮನುಷ್ಯ ಹೀಗೆ ಮೂರೂ ಕಾನ್ಸರ್ಟೋ ನುಡಿಸಿ ಮುಗಿಸಿದರು. ಜೊತೆಗಿದ್ದದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಮೊದಲ ಕಾನ್ಸರ್ಟೋಗೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಿರ್ದೇಶಕರು.

ಕಾನ್ಸರ್ಟೋ ಮಾತ್ರ ಅಲ್ಲ. ಸೊನಾಟಾ, ಸ್ಕಾಜ್ಕಿ, ಹಾಡುಗಳು ಎಲ್ಲ ರೆಕಾರ್ಡಿಗೆ ಬಂದವು. ಮುಂದೆ ಜಗತ್ಪ್ರಸಿದ್ಧರಾದ ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿದರು, ಮೆಟ್ನರ್ ಪಿಯಾನೋ ಸಾಥ್ ಕೊಟ್ಟರು. ಎರಡು ಪಿಯಾನೋ ರಚನೆಯೊಂದರಲ್ಲಿ ಹೆಸರಾಂತ ವಾದಕ ಬೆನೊ ಮೊಯ್ಸೆವಿಚ್ ಜೊತೆಯಾದರು. 1900ರ ದಶಕದ ಆರಂಭದಲ್ಲಿ ಶುರುಮಾಡಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲೇ ಇದ್ದ ಪಿಯಾನೋ ಕ್ವಿಂಟೆಟ್ ಒಂದನ್ನೂ ಈ ವರ್ಷಗಳಲ್ಲೇ ಮುಗಿಸಿದರು. ಅದೇ ಅವರ ಕೊನೆಯ ದೊಡ್ಡ ರಚನೆ. ಅದೂ ರೆಕಾರ್ಡ್ ಆಯಿತು.

ಮೆಟ್ನರ್ ಈ ಋಣವನ್ನು ತಮ್ಮದೇ ರೀತಿಯಲ್ಲಿ ತೀರಿಸಿದರು. ಯುದ್ಧದ ನಡುವೆ, ಕಾಯಿಲೆಯ ನಡುವೆ ಬರೆದ ಆ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಎರಡನೆಯದು ಜೀವದ ಗೆಳೆಯನಿಗೆ, ಮೂರನೆಯದು ನಮ್ಮೂರಿನ ದೊರೆಗೆ. ಜಗತ್ತಿನ ಯಾವ ಮೂಲೆಯಲ್ಲಿ ಆ ಕಾನ್ಸರ್ಟೋ ಕುರಿತು ಬರೆದರೂ ಮೈಸೂರಿನ ಹೆಸರು ಅಲ್ಲಿ ಬರಲೇಬೇಕು.

ಒಂದು ಪ್ರಶ್ನೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡೋದು ಬೇಡ. ಈ ರೆಕಾರ್ಡಿಂಗುಗಳು ನಡೆಯುತ್ತಿದ್ದ ವರ್ಷಗಳಲ್ಲೇ ಮೈಸೂರಿನಲ್ಲಿ ಏನಾಗುತ್ತಿತ್ತು? 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ಚಳವಳಿ ಶುರುವಾಗಿತ್ತು. ಜನ ಬೀದಿಗಿಳಿದಿದ್ದರು, ಜೈಲು ಸೇರಿದ್ದರು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿ ಅವರು ಮೊದಲ ಮುಖ್ಯಮಂತ್ರಿಯಾದರು. ನಮ್ಮ ಜನ ಬೀದಿಯಲ್ಲಿ ನಿಂತಿದ್ದಾಗ ದೂರದ ರಷ್ಯನ್ ಸಂಗೀತಗಾರನಿಗೆ ಹಣ ಕಳಿಸೋದು ಸರಿಯಾ ಅಂತ ಯಾರಾದರೂ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಅರಮನೆಯ ಹಣದ ಬೇರು ಕೊನೆಗೆ ನಾಡಿನ ಹೊಲಗದ್ದೆಯಲ್ಲೇ ಇತ್ತು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ರಾಜರು ಹಣ ಖರ್ಚು ಮಾಡಿದ ಎಷ್ಟೋ ವಿಷಯಗಳು ಇವತ್ತು ಹೆಸರಿಲ್ಲದೆ ಹೋಗಿವೆ. ಬೇಟೆ, ಔತಣ, ಮೋಟಾರು ಕಾರು ಯಾವುದೂ ಉಳಿದಿಲ್ಲ. ಈ ರೆಕಾರ್ಡುಗಳು ಉಳಿದಿವೆ. ಆಗ ಯಾರೂ ಹಣ ಹಾಕದೇ ಇದ್ದಿದ್ದರೆ ಮೆಟ್ನರ್ ಕೈಯ ಕಾನ್ಸರ್ಟೋಗಳು ಅವರ ಜೊತೆಗೇ ಮಣ್ಣಾಗುತ್ತಿದ್ದವು. ಬರೆದ ಕಾಗದ ಉಳಿಯುತ್ತಿತ್ತು, ಆ ಕೈ ಹೇಗೆ ನುಡಿಸುತ್ತಿತ್ತು ಅನ್ನೋದು ಯಾರಿಗೂ ತಿಳಿಯುತ್ತಿರಲಿಲ್ಲ.

ಒಡೆಯರ್ ಅವರ ಆಸಕ್ತಿ ಮೆಟ್ನರ್ ಒಬ್ಬರಿಗೇ ನಿಲ್ಲಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’ ಮೊದಲ ಬಾರಿಗೆ ಲಂಡನ್ನಿನಲ್ಲಿ ಹಾಡಿದಾಗಲೂ ಆ ಕಛೇರಿಗೆ ಹಣದ ಭರವಸೆ ಹೋದದ್ದು ಮೈಸೂರಿನಿಂದಲೇ. ತಮಾಷೆ ಅಂದ್ರೆ ಸ್ಟ್ರಾಸ್ ಸಂಗೀತ ಮೆಟ್ನರ್‌ಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಮೈಸೂರಿನ ಕಿವಿಗೆ ಎರಡಕ್ಕೂ ಜಾಗ ಇತ್ತು.

ಕೊನೆ ಮತ್ತು ಆಮೇಲೆ

1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನ ತಮ್ಮ ಮನೆಯಲ್ಲಿ ತೀರಿಕೊಂಡರು. 71 ವರ್ಷ. ಹೆಂಡನ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅಲ್ಲಿ ಅವರ ಪಕ್ಕದಲ್ಲೇ ಅಣ್ಣ ಎಮಿಲ್ ಹೆಸರೂ ಇದೆ. ಅಷ್ಟೆಲ್ಲ ಆದ ಮೇಲೂ ಅಣ್ಣ ತಮ್ಮ ಕೊನೆಗೆ ಒಂದೇ ಕಡೆ ಸೇರಿದರು.

ಆನ್ನಾ ಸುಮ್ಮನೆ ಕೂರಲಿಲ್ಲ. ಗಂಡನ ಹಸ್ತಪ್ರತಿಗಳನ್ನೆಲ್ಲ ಜೋಪಾನ ಮಾಡಿ 1958ರಲ್ಲಿ ರಷ್ಯಾಕ್ಕೆ ಮರಳಿದರು. 1959ರಿಂದ 1963ರ ನಡುವೆ ಮಾಸ್ಕೋದಲ್ಲಿ ಮೆಟ್ನರ್ ಸಮಗ್ರ ರಚನೆಗಳು 12 ಸಂಪುಟಗಳಲ್ಲಿ ಅಚ್ಚಾದವು. ಬದುಕಿದ್ದಾಗ ಮರಳಲಾಗದ ಊರಿಗೆ ಮೆಟ್ನರ್ ಹೀಗೆ ಪುಸ್ತಕವಾಗಿ ಮರಳಿದರು. 1965ರಲ್ಲಿ ಆನ್ನಾ ಮಾಸ್ಕೋದಲ್ಲೇ ಕಣ್ಣುಮುಚ್ಚಿದರು.

ಆಮೇಲೆ ನಿಧಾನವಾಗಿ ಕಾಲ ತಿರುಗಿತು. ಎಮಿಲ್ ಗಿಲೆಲ್ಸ್ ಅವರಂಥ ದಿಗ್ಗಜರು ಮೆಟ್ನರ್ ಸೊನಾಟಾ ನುಡಿಸಿದರು. ಹೇಮಿಶ್ ಮಿಲ್ನ್, ಮಾರ್ಕ್ ಆಂಡ್ರೆ ಹ್ಯಾಮಲಿನ್ ಅವರಂಥವರು ರಾಶಿ ರಾಶಿ ರೆಕಾರ್ಡ್ ಮಾಡಿದರು. ಮೆಟ್ನರ್ ಸಂಗೀತಕ್ಕಾಗಿಯೇ ಹೆಚ್ಚು ದುಡಿದವರಲ್ಲಿ ಆಸ್ಟ್ರೇಲಿಯಾದ ಜೆಫ್ರಿ ಟೋಜರ್ ಒಬ್ಬರು. ಅವರು ಹುಟ್ಟಿದ್ದು ನಮ್ಮ ದೇಶದ ಮಸ್ಸೂರಿಯಲ್ಲಿ! ಇವತ್ತು ಪಿಯಾನೋ ಕಲಿಯುವ ದೊಡ್ಡ ದೊಡ್ಡ ಶಾಲೆಗಳಲ್ಲಿ ಮೆಟ್ನರ್ ಹೆಸರು ಅಪರಿಚಿತವಲ್ಲ. ಇವರೆಲ್ಲರೂ ಮೆಟ್ನರ್ ರಚನೆ ಕಲಿಯುವಾಗ, ಅವರೇ ಇದನ್ನು ಹೇಗೆ ನುಡಿಸಿದ್ದರು ಅಂತ ತಿಳಿಯಬೇಕಾದರೆ ಕೇಳೋದು ಮೈಸೂರಿನ ಹಣದಲ್ಲಿ ಆದ ಆ ರೆಕಾರ್ಡುಗಳನ್ನೇ.

ಜಯಚಾಮರಾಜೇಂದ್ರ ಒಡೆಯರ್ 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆಗ ಅವರಿಗೆ ಬರೀ 55. ತಾವು ಆಗಲಾರದ ಪಿಯಾನೋ ವಾದಕನ ಆಸೆಯನ್ನು ಇನ್ನೊಬ್ಬರ ಕೈಗಳಿಗೆ ಕೊಟ್ಟು ಹೋದರು ಅಂತ ಅನ್ನಿಸುತ್ತದೆ.

ಆ ರೆಕಾರ್ಡುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಹಳೇ ರೆಕಾರ್ಡು, ಹಿಂದೆ ಸ್ವಲ್ಪ ಚರಚರ ಸದ್ದು ಇರುತ್ತದೆ. ಮೆಟ್ನರ್ ಮೂರನೇ ಕಾನ್ಸರ್ಟೋ ಹುಡುಕಿ, ಅವರೇ ನುಡಿಸಿದ್ದನ್ನು ಒಮ್ಮೆ ಹಾಕಿ. ಮೊದಲ ಸಲಕ್ಕೆ ಹಿಡಿಸದಿದ್ದರೆ ಬೇಜಾರಾಗಬೇಡಿ, ಎರಡನೇ ಸಲ ಕೇಳಿ. ಮುಂದಿನ ಬಾರಿ ಹಾರ್ಡಿಂಜ್ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ಕಾಯುವಾಗ ಆ ಪ್ರತಿಮೆ ಕಡೆ ಒಮ್ಮೆ ನೋಡಿ, ಲಂಡನ್ನಿನ ಆ ಮುದುಕರನ್ನೂ ನೆನೆಸಿಕೊಳ್ಳಿ.